ಪ್ರಜೆ ಮತ್ತು ಸರ್ಕಾರದ ನಡುವಿನ ‘ಸಾಮಾಜಿಕ ಒಪ್ಪಂದ’ವನ್ನು ಸರ್ವೆ ಮಾಡಿ ಅಳೆಯೋದು ಹೇಗೆ? 300 ಮನೆ ಸಾಕಾ?

ಸಾಮಾಜಿಕ ಒಪ್ಪಂದ ಅಂದರೆ ಪ್ರಜೆ ತೆರಿಗೆ ಕಟ್ಟಿ ಕಾನೂನು ಪಾಲಿಸೋದು, ಬದಲಿಗೆ ಸರ್ಕಾರ ಸೇವೆ ಕೊಡೋದು ಅನ್ನೋ ಪರಸ್ಪರ ಕರಾರು. ಅದನ್ನು ಅಳೆಯೋಕೆ ಸರ್ಕಾರದ ಮೇಲೆ ಎಷ್ಟು ನಂಬಿಕೆ ಅಂತ 1ರಿಂದ 5 ಅಂಕದಲ್ಲಿ ಕೇಳಿ, ಜೊತೆಗೆ ಕಂದಾಯ ಕಟ್ಟಿದ ಲೆಕ್ಕ ಸೇರಿಸಿದರೆ ಆಗುತ್ತಾ ಅಂತ ಕೇಳಿದ್ದೀರಿ. ಓದಿ ನಗು ಬಂತು. 2013ರಲ್ಲಿ ನನ್ನ ಕೈಲಿ ಇದ್ದದ್ದೂ ಇದೇ ಫಾರಂ. ಎಂಎಸ್‌ಡಬ್ಲ್ಯು (ಸಮಾಜಕಾರ್ಯ ಸ್ನಾತಕೋತ್ತರ ಪದವಿ) ಕೊನೆ ವರ್ಷ, ತುಮಕೂರು ಜಿಲ್ಲೆಯ ಒಂದು ಹೋಬಳಿ, 240 ಮನೆ. ಅಷ್ಟೂ ಫಾರಂ ರದ್ದಿಗೆ ಹೋದವು, ನನ್ನ ಆರು ತಿಂಗಳೂ ಅದರ ಜೊತೆ ಹೋಯಿತು.

ಆಗಿದ್ದು ಇಷ್ಟು. ಮೊದಲ ದಿನ ಪಂಚಾಯಿತಿ ಆಫೀಸಿಗೆ ಹೋಗಿ ಪರಿಚಯ ಪತ್ರ ಕೊಟ್ಟೆ. ಅಲ್ಲಿದ್ದವರು ಒಳ್ಳೆಯವರು. ಕಾಫಿ ಕೊಟ್ಟು, ‘ಮನೆ ತೋರಿಸೋಕೆ ಇವರನ್ನ ಕರ್ಕೊಂಡು ಹೋಗಿ’ ಅಂತ ನೀರುಗಂಟಿಯನ್ನು ಜೊತೆಗೆ ಕಳಿಸಿದರು. ಆತ ನನ್ನ ಬ್ಯಾಗನ್ನೂ ಹೊತ್ತುಕೊಂಡ. ಬಿಸಿಲಲ್ಲಿ ಮನೆ ಮನೆ ಹುಡುಕೋದು ತಪ್ಪಿತಲ್ಲ ಅಂತ ನನಗೆ ಖುಷಿಯೋ ಖುಷಿ.

ಇದೇ ತಪ್ಪು. ಸ್ವಲ್ಪ ಉದ್ದಕ್ಕೆ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀರುಗಂಟಿ ಅಂದರೆ ಪಂಚಾಯಿತಿಯಲ್ಲಿ ಎಲ್ಲರಿಗಿಂತ ಕೆಳಗಿನ ಕೆಲಸದವನು, ಅವನನ್ನು ಕಂಡು ಯಾರು ಹೆದರ್ತಾರೆ ಅಂತ ನಾನು ಅಂದುಕೊಂಡಿದ್ದೆ. ಆದರೆ ವಾಲ್ವ್ ತಿರುಗಿಸೋದು ಅವನು. ಯಾವ ಬೀದಿಗೆ ಬೆಳಿಗ್ಗೆ ಆರಕ್ಕೆ ನೀರು, ಯಾವ ಬೀದಿಗೆ ರಾತ್ರಿ ಹನ್ನೊಂದಕ್ಕೆ, ಯಾರ ನಲ್ಲಿಗೆ ಹತ್ತು ನಿಮಿಷ ಜಾಸ್ತಿ, ಎಲ್ಲ ಅವನ ಕೈಲಿ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ವರ್ಗ ಆಗ್ತಾರೆ, ಮೆಂಬರು ಐದು ವರ್ಷಕ್ಕೆ ಬದಲಾಗ್ತಾರೆ, ನೀರುಗಂಟಿ ಬದಲಾಗಲ್ಲ. ಊರಿನ ಮಟ್ಟಿಗೆ ಸರ್ಕಾರ ಅಂದರೆ ಅವನೇ. ಅವನು ಜಗುಲಿ ಮೇಲೆ ಕೂತು ಬೀಡಿ ಹಚ್ಚಿದ್ದಾನೆ, ನಾನು ಅವನ ಎದುರೇ ‘ಸರ್ಕಾರದ ಮೇಲೆ ಎಷ್ಟು ನಂಬಿಕೆ ಇದೆ’ ಅಂತ ಕೇಳ್ತಿದ್ದೀನಿ. ಐದು ಬರದೆ ಇನ್ನೇನು ಬರುತ್ತೆ? ಒಂದೊಂದು ಮನೆಯಲ್ಲಂತೂ ಜನ ನನ್ನ ಮುಖ ನೋಡದೆ ಅವನ ಮುಖ ನೋಡಿ ಅಂಕ ಹೇಳ್ತಿದ್ದರು. ಅದು ಕಣ್ಣಿಗೆ ಬಿದ್ದರೂ ನಾನು ಏನೂ ಅನುಮಾನ ಪಡಲಿಲ್ಲ. ಸರಾಸರಿ ನಾಲ್ಕರ ಮೇಲೆ ಬರ್ತಿತ್ತು, ಹಿಗ್ಗಿದ್ದೆ.

ಕೊನೆ ವಾರ ಒಂದು ಫಾರಂನಲ್ಲಿ ವಯಸ್ಸು ಬರೆಯೋದು ಬಿಟ್ಟುಹೋಗಿತ್ತು. ಆ ಮನೆಗೆ ಒಬ್ಬನೇ ಹೋದೆ, ನೀರುಗಂಟಿ ಯಾವುದೋ ಮದುವೆಗೆ ಹೋಗಿದ್ದ. ಒಂಟಿ ಅಜ್ಜಿ. ಐದಕ್ಕೆ ಐದು ಕೊಟ್ಟವರು. ವಯಸ್ಸು ಗೊತ್ತಿಲ್ಲ, ಕಾರ್ಡಲ್ಲಿ ಇರಬೇಕು ನೋಡು ಅಂತ ಟ್ರಂಕಿನಿಂದ ಒಂದು ಸೀರೆ ಅಂಗಡಿ ಕವರ್ ತೆಗೆದರು. ಒಳಗೆ ರೇಷನ್ ಕಾರ್ಡು, ವೋಟರ್ ಕಾರ್ಡಿನ ಜೆರಾಕ್ಸು, ಮತ್ತೆ ನಾಡಕಚೇರಿಯ ಸ್ವೀಕೃತಿ ಚೀಟಿ. ನಾಲ್ಕು ಮಡಿಕೆ ಮಾಡಿ ಮಾಡಿ ಚೀಟಿ ಹರಿದಿತ್ತು. ಹರಿದ ಕಡೆ ಅನ್ನದ ಅಗುಳು ಒತ್ತಿ ಅಂಟಿಸಿದ್ದರು. ವಿಧವಾ ವೇತನದ ಅರ್ಜಿ. ಗಡುವು ದಾಟಿ ತಿಂಗಳುಗಳೇ ಆಗಿದ್ದವು.

‘ಅಜ್ಜಿ, ಮತ್ತೆ ಅವತ್ತು ಐದು ಅಂದಿದ್ರಲ್ಲ?’

‘ಅವನ್ ಮುಂದೆ ಇನ್ನೇನ್ ಹೇಳಾನಪ್ಪ. ನಲ್ಲಿ ಅವನ್ ಕೈಲೈತೆ.’

‘ಈಗ ಹೇಳಿ, ಎಷ್ಟು ಬರ್ಕೊಳ್ಳಲಿ?’

ಸ್ವಲ್ಪ ಯೋಚನೆ ಮಾಡಿ, ‘ರೂಪಾಯಿಗೆ ಕೆಜಿ ಅಕ್ಕಿ ಕೊಡ್ತಾವ್ರಲ್ಲ, ಮೂರು ಹಾಕ್ಕೋ’ ಅಂದರು. ಅನ್ನಭಾಗ್ಯ ಶುರುವಾಗಿದ್ದು ಅದೇ ವರ್ಷ ಜುಲೈನಲ್ಲಿ.

ಆ ಮೂರನ್ನು ಏನು ಅಂತ ತಿಳ್ಕೊಳ್ಳೋದು? ಅಕ್ಕಿಗೆ ಐದು, ಪಿಂಚಣಿಗೆ ಒಂದು, ಸರಾಸರಿ ಮೂರು? ಅದಕ್ಕೇ ನಿಮ್ಮ ಪ್ರಶ್ನೆಯ ಬುಡವೇ ನನಗೆ ಒಪ್ಪಿಗೆ ಇಲ್ಲ. ನಂಬಿಕೆ ಬೇರೆ, ಒಪ್ಪಂದ ಬೇರೆ. ಒಂದೇ ಪಕ್ಷ ಆಳುವ ಚೀನಾ, ವಿಯೆಟ್ನಾಂನಲ್ಲೂ ಅಂತಾರಾಷ್ಟ್ರೀಯ ಸರ್ವೆಗಳಲ್ಲಿ ಸರ್ಕಾರದ ಮೇಲಿನ ನಂಬಿಕೆ ತುಂಬಾ ಮೇಲೆ ಬರುತ್ತೆ. ಅಲ್ಲೂ ಒಬ್ಬ ನೀರುಗಂಟಿ ಜಗುಲಿ ಮೇಲೆ ಕೂತಿದ್ದಾನೆ ಅಂತ ನನ್ನ ಅನುಮಾನ. ಇನ್ನೊಂದು ವಿಷಯ. ಏನನ್ನೂ ನಿರೀಕ್ಷೆ ಮಾಡದವರು ಜಾಸ್ತಿ ಅಂಕ ಕೊಡ್ತಾರೆ. ಹಕ್ಕು ಅಂತ ಗೊತ್ತಿರುವ ಕಾಲೇಜು ಹುಡುಗ ಒಂದು ಕೊಡ್ತಾನೆ. ನಿಮ್ಮ ಚಾರ್ಟ್‌ನಲ್ಲಿ ಅಜ್ಜಿ ಸುಖಿ, ಹುಡುಗ ದುಃಖಿ.

ಕಂದಾಯವೂ ಅಷ್ಟೇ. ಕಟ್ಟಿದ್ದಾರಾ ಅಂತ ಕೇಳಬೇಡಿ, ಯಾವಾಗ ಕಟ್ಟಿದಿರಿ ಅಂತ ಕೇಳಿ. ಹಳ್ಳಿಯಲ್ಲಿ ಹಳೆ ಬಾಕಿ ತೀರೋದು ಫಾರಂ ನಂಬರ್ 9 (ಪಂಚಾಯಿತಿ ಕೊಡೋ ಆಸ್ತಿ ದಾಖಲೆ) ಬೇಕಾದಾಗ, ಸೈಟು ಮಾರುವಾಗ, ಬ್ಯಾಂಕಿನಲ್ಲಿ ಸಾಲ ಕೇಳುವಾಗ. ಪಂಚಾಯಿತಿಯ ಡಿಸಿಬಿ ರಿಜಿಸ್ಟರ್‌ನಲ್ಲಿ, ಅಂದರೆ ಬೇಡಿಕೆ, ವಸೂಲಿ, ಬಾಕಿಯ ಲೆಕ್ಕದ ಪುಸ್ತಕದಲ್ಲಿ, ವಸೂಲಿ ಏರಿದ್ದರೆ ಆ ವರ್ಷ ಸೈಟು ವ್ಯಾಪಾರ ಜೋರಾಗಿತ್ತು ಅಂತಲೂ ಆಗಬಹುದು.

ಹಾಗಾದರೆ ಏನು ಅಳೀಬೇಕು? ನಮ್ಮ ರಾಜ್ಯದಲ್ಲಿ ಆ ಒಪ್ಪಂದ ಕಾಗದದ ಮೇಲೇ ಇದೆ, ಸುಮ್ನೆ ಹುಡುಕ್ತಾ ಕೂರಬೇಡಿ. ಅಜ್ಜಿಯ ಚೀಟಿ ಮೇಲೆ 15 ಅಂಕಿಯ ಸಕಾಲ ನಂಬರ್ ಇತ್ತು. ಸಕಾಲ ಅಂದರೆ ಸರ್ಕಾರಿ ಸೇವೆಗಳನ್ನು ಗಡುವಿನೊಳಗೆ ಕೊಡಬೇಕು ಅನ್ನೋ 2011ರ ಕಾಯ್ದೆ, 2012ರಲ್ಲಿ ಜಾರಿಗೆ ಬಂತು. ಇಂಥ ಕೆಲಸ ಇಷ್ಟು ದಿನದಲ್ಲಿ ಮಾಡಿಕೊಡ್ತೀವಿ, ತಡ ಆದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ, ಮೇಲ್ಮನವಿಗೂ ದಾರಿ ಇದೆ. ಸರ್ಕಾರ ತನ್ನ ಮಾತಿಗೆ ತಾನೇ ದಂಡ ಬರೆದುಕೊಟ್ಟಿದೆ! ಅಜ್ಜಿಗೆ ಆ ನಂಬರ್ ಏನು ಅಂತಲೇ ಗೊತ್ತಿರಲಿಲ್ಲ. ಅದು ದೇವರ ಪಟದಷ್ಟೇ ಜೋಪಾನವಾಗಿ ಇಡಬೇಕಾದ ಕಾಗದ, ಅಷ್ಟೇ.

ನನ್ನ ಗೈಡ್ ಬೈದು, ಆಮೇಲೆ ಇನ್ನೊಂದು ಅವಕಾಶ ಕೊಟ್ಟರು. ಎರಡನೇ ಸಲ 60 ಮನೆ ಮಾತ್ರ, ಒಬ್ಬನೇ, ಸಂಜೆ ಹೊತ್ತು. ಪ್ರಶ್ನೆಗಳನ್ನು ಬೆಂಗಳೂರಿನ ಸಿಟಿಜನ್ ರಿಪೋರ್ಟ್ ಕಾರ್ಡ್, ಅಂದರೆ ಸರ್ಕಾರಿ ಸೇವೆಗಳ ಬಗ್ಗೆ ಅದನ್ನು ಬಳಸೋ ಜನರನ್ನೇ ಕೇಳೋ ಸರ್ವೆ, ನೋಡಿ ಬರೆದುಕೊಂಡೆ. 1994ರಲ್ಲಿ ಪಬ್ಲಿಕ್ ಅಫೇರ್ಸ್ ಸೆಂಟರ್ ಕಟ್ಟಿದ ಸ್ಯಾಮ್ಯುಯಲ್ ಪಾಲ್ ಅವರ ಬಳಗ ಮಾಡಿದ್ದು, 1999ರಲ್ಲಿ, 2003ರಲ್ಲಿ ಮತ್ತೆ ಮಾಡಿದರು. ಅವರು ಜನಕ್ಕೆ ತೃಪ್ತಿ ಇದೆಯಾ ಅಂತ ಕೇಳಿ ಅಲ್ಲಿಗೇ ಬಿಡಲಿಲ್ಲ. ಕಚೇರಿಗೆ ಎಷ್ಟು ಸಲ ಅಲೆದಿರಿ, ಕೆಲಸ ಆಯ್ತಾ, ಲಂಚ ಕೊಟ್ಟಿರಾ, ಇಂಥವನ್ನು ಒಂದೊಂದು ಇಲಾಖೆಗೂ ಬೇರೆ ಬೇರೆ ಕೇಳಿದರು. ನಾನು ಅದಕ್ಕೆ ಒಂದು ಸೇರಿಸಿದೆ: ‘ಕೆಲಸ ಆಗದಿದ್ದಾಗ ಏನು ಮಾಡಿದಿರಿ?’ ಸುಮ್ಮನಾದಿರಾ, ಮೆಂಬರ್ ಮನೆಗೆ ಹೋದಿರಾ, ಏಜೆಂಟ್ ಹಿಡಿದಿರಾ, ಗ್ರಾಮಸಭೆಯಲ್ಲಿ ಕೇಳಿದಿರಾ, ಮೇಲ್ಮನವಿ ಹಾಕಿದಿರಾ? ನಿಮ್ಮ ಫಾರಂನಲ್ಲಿ ಒಂದೇ ಪ್ರಶ್ನೆಗೆ ಜಾಗ ಇದ್ದರೆ ಇದನ್ನೇ ಇಟ್ಟುಕೊಳ್ಳಿ. ಮಾತು ತಪ್ಪಿದಾಗ ‘ಯಾಕ್ರೀ’ ಅಂತ ಕೇಳೋಕೆ ಆಗೋ ಕಡೆ ಒಪ್ಪಂದ ಇದೆ. ಕೈ ಮುಗಿದು ವಾಪಸ್ ಬರೋ ಕಡೆ ಇರೋದು ದಾನ. ನನ್ನ 60 ಮನೆಯಲ್ಲಿ ‘ಸುಮ್ಮನಾದೆ’ ಅನ್ನೋದೇ ಜಾಸ್ತಿ ಬಂತು. ಎರಡನೇ ಸ್ಥಾನ ಏಜೆಂಟಿಗೆ.

300 ಮನೆ ಸಾಕಾ ಅನ್ನೋದು ದೊಡ್ಡ ವಿಷಯ ಅಲ್ಲ. 80 ಮನೆ ಮಾಡಿ, ಪ್ರತಿ ಮನೆಗೆ ಎರಡು ಸಲ ಹೋಗಿ. ಚೀಟಿ ಇದ್ದರೆ ತೋರಿಸಿ ಅಂತ ಕೇಳಿ. ಬಾಯಿಮಾತಿಗಿಂತ ಆ ಪ್ಲಾಸ್ಟಿಕ್ ಕವರ್ ಜಾಸ್ತಿ ಹೇಳುತ್ತೆ. ಪಂಚಾಯಿತಿಗೆ ಪತ್ರ ಕೊಡಿ, ಕಾಫಿ ಕುಡಿಯಿರಿ, ಜೊತೆಗೆ ಯಾರನ್ನೂ ಕರ್ಕೊಂಡು ಹೋಗಬೇಡಿ. ಆಶಾ ಕಾರ್ಯಕರ್ತೆಯನ್ನೂ ಬೇಡ, ಮೆಂಬರ್ ಮಗನನ್ನಂತೂ ಬೇಡವೇ ಬೇಡ.

ಎರಡನೇ ಸಲ ಕೊನೆಯ ಫಾರಂ ಅದೇ ನೀರುಗಂಟಿಯ ಮನೆಯಲ್ಲಿ ತುಂಬಿದೆ. ಐದು ತಿಂಗಳ ಸಂಬಳ ಬಾಕಿ ಇತ್ತು. ‘ಏನು ಮಾಡಿದಿರಿ?’ ಅಂತ ಕೇಳಿದೆ. ಹೆಂಡತಿ ಕಡೆ ಒಂದು ಸಲ ನೋಡಿ, ‘ಸುಮ್ಕಿದೀನಿ, ಬರ್ಕೊಳಿ’ ಅಂದ.