ರೇನ್ಸ್‌ಫರ್ಡ್ ಬೇಟೆ ಬಿಟ್ಟ ಅಂತ ಕಥೆಯಲ್ಲಿ ಎಲ್ಲಿದೆ?

ಪ್ರಶ್ನೆ: ರಿಚರ್ಡ್ ಕಾನೆಲ್ ಬರೆದ ‘ದಿ ಮೋಸ್ಟ್ ಡೇಂಜರಸ್ ಗೇಮ್’ ಕಥೆಯ ರೇನ್ಸ್‌ಫರ್ಡ್ ಕೊನೆಗೆ ಪ್ರಾಣಿಹಿಂಸೆ ತಪ್ಪೆಂದು ಅರಿತು ಬದಲಾಗುತ್ತಾನೆ ಎಂದು ಗೈಡಿನಲ್ಲಿದೆ. ಪಾತ್ರದ ಬಗ್ಗೆ ಅಷ್ಟು ಬರೆದರೆ ಸಾಕೆ? ಥೀಮ್ ಕೇಳಿದರೂ ಅದನ್ನೇ ಬರೆಯಬಹುದೆ?
– ವಿದ್ಯಾರ್ಥಿನಿ, ತೀರ್ಥಹಳ್ಳಿ

ಸಾಲದು. ಸಾಲದಿರುವುದಷ್ಟೇ ಅಲ್ಲ, ಸುಳ್ಳು. ಸಾಗರ, ಸೊರಬ, ಹೊಸನಗರ, ಭದ್ರಾವತಿ, ಪತ್ರ ಎಲ್ಲಿಂದ ಬಂದರೂ ಇದೇ ವಾಕ್ಯ. ಕಥೆ ಓದದ ಯಾರೋ ಒಬ್ಬರು ಬರೆದದ್ದನ್ನು ಮಿಕ್ಕವರು ಇಳಿಸಿಕೊಂಡಿದ್ದಾರೆ, ಹತ್ತು ನಿಮಿಷದ ‘ಸಾರಾಂಶ’ ವಿಡಿಯೋದವರೂ ಸೇರಿ.

ಕೊನೆಯ ಅರ್ಧ ಪುಟ ತೆಗೆಯಿರಿ. ತನ್ನ ದ್ವೀಪಕ್ಕೆ ಬಂದು ಬಿದ್ದ ಮನುಷ್ಯರನ್ನೇ ಬೇಟೆಯಾಡುವ ಜನರಲ್ ಜಾರೊಫ್‌ನ ಕೈಯಿಂದ ತಪ್ಪಿಸಿಕೊಂಡ ಬೇಟೆಗಾರ ರೇನ್ಸ್‌ಫರ್ಡ್, ಅವನದೇ ಮಲಗುವ ಕೋಣೆಯಲ್ಲಿ ಮಂಚದ ಪರದೆಯ ಮರೆಗೆ ನಿಂತಿದ್ದಾನೆ. ಜಾರೊಫ್ ಅವನನ್ನು ಕಂಡು, ಆಟ ನೀನೇ ಗೆದ್ದೆ ಎಂದು ಒಪ್ಪಿಕೊಳ್ಳುತ್ತಾನೆ. ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲು ಬಿಡದವನು ರೇನ್ಸ್‌ಫರ್ಡ್. ತಾನಿನ್ನೂ ಅಟ್ಟಿಸಿಕೊಂಡು ಮೂಲೆಗೆ ಬಿದ್ದ ಮೃಗವೇ, ಸಿದ್ಧನಾಗು ಎನ್ನುತ್ತಾನೆ. ಕಾಳಗದ ಒಂದು ಏಟನ್ನೂ ಕಾನೆಲ್ ವರ್ಣಿಸಿಲ್ಲ. ನೇರವಾಗಿ ಕಡೆಯ ವಾಕ್ಯ: ಇಷ್ಟು ಒಳ್ಳೆಯ ಹಾಸಿಗೆಯಲ್ಲಿ ತಾನೆಂದೂ ಮಲಗಿರಲಿಲ್ಲ ಎಂದು ರೇನ್ಸ್‌ಫರ್ಡ್ ತೀರ್ಮಾನಿಸಿದ. ಇದರಲ್ಲಿ ಬೇಟೆ ಬಿಟ್ಟದ್ದು ಎಲ್ಲಿದೆ? ಪಶ್ಚಾತ್ತಾಪ ಎಲ್ಲಿದೆ? ಸೋತವನ ಹಾಸಿಗೆಯಲ್ಲಿ ಗಡದ್ದಾಗಿ ನಿದ್ದೆ ಮಾಡಿದವನ ಬಾಯಿಗೆ ಗೈಡಿನವರು ಅಹಿಂಸೆ ತುರುಕಿದ್ದಾರೆ.

‘ಧೈರ್ಯಶಾಲಿ, ಬುದ್ಧಿವಂತ, ಛಲಗಾರ’ ಎಂದು ಪಟ್ಟಿ ಮಾಡುವುದನ್ನೂ ಬಿಡಿ. ಆ ಮೂರೂ ಜಾರೊಫ್‌ಗೂ ಹೊಂದುತ್ತವೆ. ಇಬ್ಬರಿಗೂ ಹೊಂದುವ ಮಾತು ಇಬ್ಬರಲ್ಲಿ ಯಾರನ್ನೂ ವಿವರಿಸುವುದಿಲ್ಲ. ಬದಲಿಗೆ ಪೆನ್ಸಿಲ್ ಹಿಡಿದು, ಭಯದ ಮಾತು ಬಂದಲ್ಲೆಲ್ಲ ಗೀಟು ಹಾಕುತ್ತ ಹೋಗಿ.

ಮೊದಲ ಗೀಟು ಹಡಗಿನಲ್ಲೇ ಬೀಳುತ್ತದೆ. ಜಾಗ್ವಾರ್‌ಗೂ ನೋವಿನ, ಸಾವಿನ ಭಯ ಗೊತ್ತು ಎನ್ನುತ್ತಾನೆ ಜೊತೆಗಾರ ವಿಟ್ನಿ. ರೇನ್ಸ್‌ಫರ್ಡ್‌ಗೆ ಅದು ತಮಾಷೆ. ಅವನ ಪ್ರಕಾರ ಜಗತ್ತಿನಲ್ಲಿರುವುದು ಎರಡೇ ವರ್ಗ, ಬೇಟೆಯಾಡುವವರು ಮತ್ತು ಬೇಟೆಯಾಗುವವರು. ತಾನು ಮೊದಲನೆಯದರಲ್ಲಿರುವುದು ಅದೃಷ್ಟ. ಈ ವಾಕ್ಯದ ಪಕ್ಕ ನಕ್ಷತ್ರ ಹಾಕಿ, ಮತ್ತೆ ಬೇಕಾಗುತ್ತದೆ.

ಆಮೇಲೆ, ಹಡಗಿನಿಂದ ಬಿದ್ದವನು ಈಜಿ ಸೇರಿದ ಜಾರೊಫ್‌ನ ದ್ವೀಪ. ನುಚ್ಚುನೂರಾದ ಗಿಡಗಂಟಿ, ರಕ್ತದ ಕಲೆ, ಒಂದು ಖಾಲಿ ತೋಟಾ ಅವನ ಕಣ್ಣಿಗೆ ಬೀಳುತ್ತವೆ. ತೋಟಾ ಪಾಯಿಂಟ್ 22ರದ್ದು. ಗಾಯಗೊಂಡ ಪ್ರಾಣಿ ದೊಡ್ಡದು, ಇಷ್ಟು ಸಣ್ಣ ಕೋವಿ ಹಿಡಿದು ಅದರೆದುರು ಹೋದವನಿಗೆ ಎಂಟೆದೆ ಇರಬೇಕು ಎಂದುಕೊಳ್ಳುತ್ತಾನೆ. ತೋಟದಂಚಿನ ಮನೆಯಲ್ಲಿ ಬೆಳೆ ಕಾಯುವ ಕೋವಿ ನೋಡಿ ಬೆಳೆದ ಮಲೆನಾಡಿನ ಮಕ್ಕಳಿಗೆ ಇಲ್ಲಿ ಥಟ್ಟನೆ ಅನುಮಾನ ಬರಬೇಕು. ಬೇಟೆಯ ಬಗ್ಗೆ ಪುಸ್ತಕ ಬರೆದ ರೇನ್ಸ್‌ಫರ್ಡ್‌ಗೆ ಬರುವುದಿಲ್ಲ. ಹೆಜ್ಜೆ, ರಕ್ತ, ತೋಟಾ ಎಲ್ಲವನ್ನೂ ತಪ್ಪಿಲ್ಲದೆ ಓದುತ್ತಾನೆ, ಆದರೆ ಓಡಿದ್ದು ಮನುಷ್ಯನಿರಬಹುದೆಂದು ತಲೆಗೆ ಹೋಗುವುದಿಲ್ಲ. ಪಾತ್ರಚಿತ್ರಣ ಎಂದರೆ ಇದು. ಇವನಿಗೆ ವಿದ್ಯೆ ಪೂರಾ ಇದೆ, ಆಚೆ ಕಡೆ ನಿಂತು ನೋಡುವ ಕಲ್ಪನೆ ಇಲ್ಲ.

ಮೂರನೆಯದು ಮರದ ಮೇಲಿನ ರಾತ್ರಿ. ಸುಳಿವು ಹಿಡಿದು ಬುಡದವರೆಗೆ ಬಂದ ಜಾರೊಫ್ ಮೇಲೆ ನೋಡಿ ನಕ್ಕು, ಹೊಗೆಯ ಉಂಗುರ ಬಿಟ್ಟು ಹಿಂತಿರುಗುತ್ತಾನೆ. ನಾಳೆಯ ಆಟಕ್ಕೆ ಉಳಿಸಿಕೊಂಡ ಎಂದು ತಿಳಿದಾಗಲೇ ರೇನ್ಸ್‌ಫರ್ಡ್‌ಗೆ ದಿಗಿಲೆಂಬುದರ ಪೂರ್ತಿ ಅರ್ಥವಾಗುವುದು. ನಾಲ್ಕನೆಯದು ನಾಯಿಗಳ ಬೊಗಳು ಹತ್ತಿರಾದಾಗ: ಮೂಲೆಗೆ ಬಿದ್ದ ಪ್ರಾಣಿಗೆ ಹೇಗಾಗುತ್ತದೆಂದು ಈಗ ಗೊತ್ತಾಯಿತು. ಹಡಗಿನಲ್ಲಿ ನಕ್ಕು ತಳ್ಳಿಹಾಕಿದ್ದಕ್ಕೆ ಉತ್ತರ ಇಲ್ಲಿದೆ. ಐದನೆಯದು ಮಲಗುವ ಕೋಣೆ. ಅಲ್ಲಿ ಅವನು ಭಯಪಡುತ್ತಿಲ್ಲ, ‘ಮೃಗ’ ಎಂಬ ಹೆಸರನ್ನು ತಾನೇ ಹೊತ್ತು ಮೇಲೇರುತ್ತಾನೆ.

ಹಾಗಾದರೆ ಬದಲಾದದ್ದೇನು? ಪ್ರಾಣಿಗೆ ಭಯವಿದೆಯೆಂದು ತಿಳಿಯಿತು. ನರಹತ್ಯೆ ತಪ್ಪೆಂಬುದನ್ನು ಅವನು ದ್ವೀಪದಲ್ಲಿ ಕಲಿತದ್ದಲ್ಲ. ಜೊತೆಗೆ ಬೇಟೆಗೆ ಬಾ ಎಂದು ಜಾರೊಫ್ ಕರೆದಾಗಲೇ ಅದನ್ನು ಕೊಲೆ ಎಂದು ಕರೆದು ಒಲ್ಲೆ ಎಂದಿದ್ದ. ಇನ್ನು ನಕ್ಷತ್ರ ಹಾಕಿದ ವಾಕ್ಯ: ಎರಡು ವರ್ಗದ ಲೆಕ್ಕವನ್ನು ಅವನು ಎಲ್ಲೂ ಹರಿದು ಹಾಕುವುದಿಲ್ಲ. ಆಚೆ ವರ್ಗಕ್ಕೆ ಬಿದ್ದ, ಈಜಿ ಈಚೆಗೆ ಬಂದ. ಇದು ನನ್ನ ಓದು. ಒಪ್ಪದವರಿಗೂ ಆಧಾರವಿದೆ. ಜಾರೊಫ್ ಬದುಕಿದ್ದರೆ ನೆಲಮಾಳಿಗೆಯಲ್ಲಿ ಕೂಡಿಹಾಕಿದ ನಾವಿಕರ ಸರದಿ ಬರುತ್ತಿತ್ತು, ಕೊಲ್ಲದೆ ದಾರಿ ಇರಲಿಲ್ಲ ಎನ್ನಬಹುದು. ಆದರೆ ಕೊನೆಯಲ್ಲಿ ರೇನ್ಸ್‌ಫರ್ಡ್ ಆ ನಾವಿಕರ ಸುದ್ದಿಯನ್ನೇ ಎತ್ತುವುದಿಲ್ಲ ಎಂಬುದನ್ನೂ ಆಗ ಬರೆಯಬೇಕು. ಕಥೆ ಹೇಳದೆ ಬಿಟ್ಟದ್ದೂ ಆಧಾರವೇ.

ಥೀಮ್ ಎಂದರೆ ‘ಬೇಟೆ’, ‘ಹಿಂಸೆ’ ಎಂಬ ಒಂಟಿ ಪದ ಅಲ್ಲ, ಅದು ವಿಷಯ. ಥೀಮ್‌ಗೆ ಕ್ರಿಯಾಪದ ಬೇಕು: ‘ತಾನು ಬೇಟೆಯಾಗುವವರೆಗೆ ಬೇಟೆಗಾರನಿಗೆ ಮಿಗದ ಭಯ ತಿಳಿಯುವುದಿಲ್ಲ, ತಿಳಿದ ಮಾತ್ರಕ್ಕೆ ಅವನ ಕೈ ನಿಲ್ಲುವುದೂ ಇಲ್ಲ.’ ಶೀರ್ಷಿಕೆಯನ್ನು ‘ಅತ್ಯಂತ ಅಪಾಯಕಾರಿ ಆಟ’ ಎಂದು ಅನುವಾದಿಸಿ ಕೈತೊಳೆದುಕೊಂಡರೆ ಅರ್ಧ ಹೋಯಿತು. ಗೇಮ್ ಎಂದರೆ ಆಟವೂ ಹೌದು, ಬೇಟೆಯಾಡುವ ಪ್ರಾಣಿಯೂ ಹೌದು. ನಮ್ಮ ‘ಬೇಟೆ’ಯೂ ಹೀಗೇ ಎರಡು ತಲೆಯ ಪದ. ‘ಬೇಟೆಗೆ ಹೋದರು’ ಅಂದರೆ ಕೆಲಸ, ‘ಒಳ್ಳೇ ಬೇಟೆ ಬಿತ್ತು’ ಅಂದರೆ ಪ್ರಾಣಿ. ‘ಆಟ’ಕ್ಕಿಂತ ಅದೇ ಮೂಲಕ್ಕೆ ಹತ್ತಿರ.

ಐದು ಅಂಕದ ಉತ್ತರವಾದರೆ ಮೊದಲ ವಾಕ್ಯದಲ್ಲೇ ನಿಮ್ಮ ನಿಲುವು ಹೇಳಿ. ಆಮೇಲೆ ಹಡಗಿನಿಂದ ಒಂದು ಆಧಾರ, ಕಾಡಿನಿಂದ ಒಂದು, ಹಾಸಿಗೆಯ ವಾಕ್ಯ ಕಡ್ಡಾಯ, ಎದುರು ವಾದ ಒಂದು. ನೂರಿಪ್ಪತ್ತು ಪದ ಸಾಕು. ಕಥಾಸಾರ ಹೇಳಲು ಕೂತರೆ ಅರ್ಧ ಪುಟ ಅಲ್ಲೇ ಮುಗಿಯುತ್ತದೆ. ಬಹಳ ಮಂದಿ ಅಂಕ ಕಳೆದುಕೊಳ್ಳುವುದು ಅಲ್ಲೇ.

ಪ್ರಶ್ನೆ: ಜಾರೊಫ್ ಹುಚ್ಚನೆಂದು ಬರೆಯಬಹುದೆ?

ಬೇಡ. ಹುಚ್ಚ ಎಂದ ಕೂಡಲೇ ಅವನ ಮೇಲಿನ ಆರೋಪ ಬಿದ್ದುಹೋಗುತ್ತದೆ. ಅವನು ಲೆಕ್ಕ ಹಾಕಿ ಮಾತಾಡುವವನು, ತನ್ನ ಆಳು ಐವಾನ್ ಸತ್ತ ರಾತ್ರಿ ಮನಸ್ಸಿನ ಸಮಾಧಾನಕ್ಕೆ ರೋಮಿನ ತತ್ವಜ್ಞಾನಿ ಚಕ್ರವರ್ತಿ ಮಾರ್ಕಸ್ ಅರೇಲಿಯಸ್‌ನನ್ನು ಓದುವವನು. ‘ಆದರೂ ನ್ಯಾಯವಂತ, ಮೂರು ಗಂಟೆ ಮೊದಲೇ ಬಿಡುತ್ತಿದ್ದ, ಚಾಕು ಕೊಡುತ್ತಿದ್ದ’ ಎಂದು ಬರೆಯುವವರ ಮೇಲೆ ನನಗೆ ಇನ್ನೂ ಸಿಟ್ಟು. ನಿಯಮ ಮಾಡಿದವನು ಅವನೇ, ಕಾಡು ಅವನದೇ, ನಾಯಿಗಳೂ ಅವನವೇ. ಆಡಲೊಲ್ಲೆ ಎಂದವನನ್ನು ಐವಾನ್ ಕೈಗೆ ಒಪ್ಪಿಸುತ್ತಾನೆ.

ಪ್ರಶ್ನೆ: ಸಸ್ಪೆನ್ಸ್ ಎಂದರೆ ಕೊನೆಯ ತಿರುವು ತಾನೆ?

ಅಲ್ಲ. ತಿರುವು ಬಡಿಯುವುದು ಓದುಗನಿಗೆ ಗೊತ್ತಿಲ್ಲದ್ದರಿಂದ, ಸಸ್ಪೆನ್ಸ್ ಹುಟ್ಟುವುದು ಗೊತ್ತಿರುವುದರಿಂದ. ಜಾರೊಫ್ ಬುಡದಲ್ಲಿದ್ದಾನೆಂದು ನಮಗೆ ಗೊತ್ತು. ಅವನ ಕಣ್ಣು ಇಂಚಿಂಚಾಗಿ ಮರ ಹತ್ತಿ, ರೇನ್ಸ್‌ಫರ್ಡ್ ಮಲಗಿದ ಕೊಂಬೆಗೆ ಮುಟ್ಟುವ ಮೊದಲೇ ನಿಲ್ಲುತ್ತದೆ. ಆ ಪ್ಯಾರಾ ಮತ್ತೊಮ್ಮೆ ಓದಿ.

ಪ್ರಶ್ನೆ: ಇದು ನಿಜವಾಗಿ ನಡೆದದ್ದೆ?

ಇಲ್ಲ. 1924ರಲ್ಲಿ ಅಮೆರಿಕದ ‘ಕಾಲಿಯರ್ಸ್’ ಪತ್ರಿಕೆಯಲ್ಲಿ ಬಂದ ಕಥೆ.

ಪ್ರಶ್ನೆ: ಕಥೆಯಲ್ಲಿರುವ ಬಲೆಗಳು ನಮ್ಮಲ್ಲಿ ಹಂದಿಗೆ ಕಟ್ಟುವ ಉರುಳಿನ ಹಾಗೇ ಇವೆ. ಪ್ರಾಜೆಕ್ಟಿಗೆ ಒಂದು ಮಾಡಿ ತೋರಿಸಬಹುದೆ?

ಬಾಗಿಸಿ ಕಟ್ಟಿದ ಎಳೆಮರ, ಅದರ ಚಿಮ್ಮುವ ಬಲ, ಹೌದು, ತತ್ವ ಒಂದೇ. ಮಾಡಬೇಡಿ. ಉರುಳು ಹಾಕಿದರೆ 1972ರ ವನ್ಯಜೀವಿ ಕಾಯ್ದೆ ಕೇಳುತ್ತದೆ, ಸಿಕ್ಕಿಬೀಳುವುದು ಪಕ್ಕದ ಮನೆಯ ದನವೂ ಆಗಬಹುದು. ಕಾಗದದ ಮೇಲೆ ಚಿತ್ರ ಬರೆದು, ಪ್ರತಿಯೊಂದರ ಕೆಳಗೆ ಅದಕ್ಕೆ ಬಿದ್ದವರು ಯಾರೆಂದು ನಮೂದಿಸಿ. ಉರುಳಿಸಿದ ಒಣಮರ ಜಾರೊಫ್‌ನ ಭುಜಕ್ಕೆ ತಾಗಿತು ಅಷ್ಟೆ. ಗುಂಡಿಗೆ ಬಿದ್ದದ್ದು ನಾಯಿ. ಚಾಕು ಕಟ್ಟಿದ ಎಳೆಮರಕ್ಕೆ ಸಿಕ್ಕವನು ಐವಾನ್. ಮೂರರಲ್ಲಿ ಒಂದೂ ಜಾರೊಫ್‌ನನ್ನು ಕೊಲ್ಲಲಿಲ್ಲ.