ಮದುವೆಯಿಂದ ಅಳಿಸಿಹೋದ ಹೆಸರು

ಪ್ರಶ್ನೆ: ಟೊರೊಂಟೊದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಪರಿಚಯವಾದ ಮೂಲನಿವಾಸಿ ಮಹಿಳೆಯೊಬ್ಬರು, ತಮ್ಮ ಅಜ್ಜಿ ಹೊರಗಿನವರನ್ನು ಮದುವೆಯಾದರೆಂದು ಸರ್ಕಾರ ಅವರ ಹೆಸರನ್ನೇ ಪಟ್ಟಿಯಿಂದ ತೆಗೆದುಹಾಕಿತ್ತು ಎಂದರು. ಇದು ನಿಜವೇ? ಈಗಲೂ ಹಾಗೆಯೇ ಇದೆಯೇ?
– ಒಬ್ಬ ಓದುಗರು, ಶಿರಸಿ

ಉತ್ತರ: ನಿಜ. ಕೆನಡಾದಲ್ಲಿ ಯಾರು ‘ಇಂಡಿಯನ್’ (ಅಂದರೆ ಸರ್ಕಾರದ ಪಟ್ಟಿಯಲ್ಲಿ ನೋಂದಣಿಯಾಗುವ ಮೂಲನಿವಾಸಿ), ಯಾರು ಅಲ್ಲ ಎಂಬುದನ್ನು ನಿರ್ಧರಿಸುವುದು 1876ರಲ್ಲಿ ಬಂದ ಇಂಡಿಯನ್ ಕಾಯ್ದೆ. ನೋಂದಣಿಯಿಲ್ಲದವನನ್ನು ಮದುವೆಯಾದ ಹೆಣ್ಣು ಅದರಡಿ ತನ್ನ ನೋಂದಣಿಯನ್ನೂ, ಅದರೊಡನೆ ಮೂಲನಿವಾಸಿಗಳಿಗೆಂದು ಮೀಸಲಿಟ್ಟ ಭೂಮಿಯಾದ ರಿಸರ್ವ್‌ನಲ್ಲಿ ವಾಸಿಸುವ ಹಕ್ಕನ್ನೂ ಕಳೆದುಕೊಳ್ಳುತ್ತಿದ್ದಳು. ನೋಂದಣಿಯಿರುವ ಗಂಡಸು ಬಿಳಿಯ ಹೆಣ್ಣನ್ನು ಮದುವೆಯಾದರೆ ಆಕೆಗೂ ನೋಂದಣಿ ದೊರೆಯುತ್ತಿತ್ತು.

ಜೆನೆಟ್ ಲವೆಲ್ ಎಂಬ ಮಹಿಳೆ ಇದನ್ನು ಪ್ರಶ್ನಿಸಿದಾಗ, 1973ರಲ್ಲಿ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕು ಮತಗಳಿಂದ, ಕಾನೂನನ್ನು ಜಾರಿ ಮಾಡುವುದರಲ್ಲಿ ಭೇದವಿಲ್ಲದಿದ್ದರೆ ಅದೇ ಸಮಾನತೆ ಎಂಬ ವಿಚಿತ್ರ ತರ್ಕದ ಮೇಲೆ ಆಕೆಯ ವಾದವನ್ನು ತಳ್ಳಿಹಾಕಿತು. ಆಮೇಲೆ ನ್ಯೂ ಬ್ರನ್ಸ್‌ವಿಕ್‌ನ ಟೊಬೀಕ್ ರಿಸರ್ವ್‌ನ ಸಾಂಡ್ರಾ ಲವ್‌ಲೇಸ್, ಮದುವೆ ಮುರಿದು ಮಗುವಿನೊಡನೆ ತವರಿಗೆ ಮರಳಿದಾಗ ಅಲ್ಲಿ ವಾಸಿಸುವ ಹಕ್ಕೇ ತನಗಿಲ್ಲವೆಂದು ತಿಳಿದು, 1977ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಗೆ ದೂರು ಕೊಟ್ಟರು. ಸ್ವಜನರ ನಡುವೆ ಸ್ವಂತ ಸಂಸ್ಕೃತಿ, ಭಾಷೆಗಳೊಡನೆ ಬದುಕುವ ಹಕ್ಕನ್ನು ಕೆನಡಾ ಉಲ್ಲಂಘಿಸಿದೆ ಎಂದು ಸಮಿತಿ 1981ರಲ್ಲಿ ಹೇಳಿತು. 1985ರಲ್ಲಿ ಕಾಯ್ದೆ ತಿದ್ದುಪಡಿಯಾಗಿ, ಹೀಗೆ ಹೆಸರು ಕಳೆದುಕೊಂಡವರಿಗೆ ನೋಂದಣಿ ಮರಳಿತು.

ಆದರೆ ಆ ತಿದ್ದುಪಡಿ ಅನ್ಯಾಯವನ್ನು ತೆಗೆಯುವ ಬದಲು ಮುಂದಿನ ತಲೆಗೆ ದಾಟಿಸಿತೆಂದೇ ನನ್ನ ಅಭಿಪ್ರಾಯ. ಒಂದೇ ಮನೆಯ ಅಣ್ಣ ತಂಗಿ ಇಬ್ಬರೂ 1985ಕ್ಕೆ ಮುಂಚೆ ಹೊರಗಿನವರನ್ನು ಮದುವೆಯಾಗಿದ್ದರೆ, ಅಣ್ಣನ ಮಕ್ಕಳಿಗೆ ಪೂರ್ಣ ದರ್ಜೆ, ತಂಗಿಯ ಮಕ್ಕಳಿಗೆ ಕೆಳದರ್ಜೆ. ಆ ಕೆಳದರ್ಜೆಯವರೂ ಹೊರಗಿನವರನ್ನು ಮದುವೆಯಾದರೆ ಅವರ ಮಕ್ಕಳಿಗೆ ನೋಂದಣಿಯೇ ಇಲ್ಲ. ಶಾರನ್ ಮ್ಯಾಕೈವರ್ ಎಂಬ ಮಹಿಳೆ ಹೂಡಿದ ಮೊಕದ್ದಮೆಯಿಂದ ಇದು ಸ್ವಲ್ಪ ಸರಿಹೋಯಿತು. ಕೊನೆಗೆ 2019ರ ಆಗಸ್ಟ್ 15ರಂದು, 1869ರವರೆಗೂ ಹಿಂದಕ್ಕೆ ಹೋಗಿ, ಮದುವೆಯಿಂದ ಹೆಸರು ಕಳೆದುಕೊಂಡ ಹೆಂಗಸರ ವಂಶಸ್ಥರಿಗೂ ಗಂಡಸರ ವಂಶಸ್ಥರಷ್ಟೇ ಹಕ್ಕು ನೀಡುವ ನಿಯಮ ಜಾರಿಗೆ ಬಂದಿತು. ಸತತ ಎರಡು ತಲೆಮಾರು ಹೊರಗೆ ಮದುವೆಯಾದರೆ ನೋಂದಣಿ ನಿಲ್ಲುವ ನಿಯಮವನ್ನು ಮಾತ್ರ ಅದೂ ಮುಟ್ಟಲಿಲ್ಲ.

ನಿಮ್ಮ ಪರಿಚಯದವರು ಈವರೆಗೆ ಅರ್ಜಿ ಹಾಕಿರದಿದ್ದರೆ, ಅಜ್ಜಿಯಿಂದ ತಮ್ಮವರೆಗಿನ ಸಂಬಂಧವನ್ನು ತೋರಿಸುವ ಜನನ ದಾಖಲೆಗಳನ್ನು ಮೊದಲು ಒಟ್ಟುಮಾಡಿಕೊಳ್ಳಲಿ.