ಮುಟ್ಟು ನಿಲ್ಲುವ ಕಾಲಕ್ಕೆ ಚೀನೀ ಕಷಾಯ

ಪ್ರಶ್ನೆ: ನನಗೆ 51 ವರ್ಷ. ಬಹುಕಾಲದಿಂದ ಸಿಂಗಪುರದಲ್ಲಿದ್ದೇನೆ. ಮುಟ್ಟು ನಿಂತು ಒಂದೂವರೆ ವರ್ಷವಾಯಿತು. ದಿನಕ್ಕೆ ಏಳೆಂಟು ಸಲ ಎದೆಯಿಂದ ಮುಖದವರೆಗೆ ಝಳ ಏರುತ್ತದೆ. ರಾತ್ರಿ ಬೆವರಿ ಎಚ್ಚರವಾದರೆ ನೈಟಿ ಬದಲಾಯಿಸದೆ ಮತ್ತೆ ಮಲಗಲಾಗುವುದಿಲ್ಲ. ಕಚೇರಿಯ ಚೀನೀ ಗೆಳತಿ ತನ್ನ ವೈದ್ಯರ ಬಳಿಗೆ ಕರೆದೊಯ್ದಳು. ಅವರು ಎರಡೂ ಕೈಗಳ ನಾಡಿ ಹಿಡಿದು, ನಾಲಿಗೆ ನೋಡಿ, ಕಿಡ್ನಿಯ ಶಕ್ತಿ ಕುಂದಿದೆ ಎಂದು ಹೇಳಿ, ಎರಡು ವಾರಕ್ಕಾಗುವಷ್ಟು ಬೇರು ತೊಗಟೆಗಳ ಪೊಟ್ಟಣಗಳನ್ನು ಕೊಟ್ಟಿದ್ದಾರೆ. ಚೀಟಿಯಲ್ಲಿ ‘ಅರ್ ಶಿಯಾನ್ ತಾಂಗ್’ ಎಂಬ ಹೆಸರಿದೆ. ರಕ್ತಪರೀಕ್ಷೆಯಲ್ಲಿ ಕಿಡ್ನಿ ಸರಿಯಾಗಿಯೇ ಇದೆ. ಬಿಪಿಗೆ ಮಾತ್ರೆ ತೆಗೆದುಕೊಳ್ಳುತ್ತೇನೆ. ಹಾರ್ಮೋನ್ ಎಂದರೆ ಭಯ. ಇದು ಸಾವಿರಾರು ವರ್ಷಗಳ ಔಷಧಿಯಂತೆ, ಕುಡಿಯಬಹುದೇ ಡಾಕ್ಟರ್?
– ಹೆಸರು ಬೇಡ, ಸಿಂಗಪುರ

ಉತ್ತರ: ಮೊದಲು ಕಿಡ್ನಿಯ ಆತಂಕವನ್ನು ಬಿಡಿ. ಚೀನೀ ವೈದ್ಯರು ‘ಶೆನ್’ ಎಂದು ಹೇಳುವುದನ್ನು ಇಂಗ್ಲಿಷಿನಲ್ಲಿ ಕಿಡ್ನಿ ಎಂದು ಕರೆಯುವ ರೂಢಿಯಿಂದ ಇಂತಹ ಗಾಬರಿ ಹುಟ್ಟುತ್ತದೆ. ಅವರ ಶಾಸ್ತ್ರದಲ್ಲಿ ಅದು ಮೂತ್ರ ಸೋಸುವ ಅಂಗಕ್ಕಿಂತ ಹೆಚ್ಚಾಗಿ ಬೆಳವಣಿಗೆ, ಸಂತಾನ ಮತ್ತು ಮುಪ್ಪನ್ನು ಆಳುವ ಒಂದು ಶಕ್ತಿ. ಅವರ ಪ್ರಾಚೀನ ಗ್ರಂಥ ‘ಹುವಾಂಗ್‌ದಿ ನೈಜಿಂಗ್’ ಹೆಣ್ಣಿನ ಆಯುಸ್ಸನ್ನು ಏಳೇಳು ವರ್ಷಗಳ ಲೆಕ್ಕದಲ್ಲಿ ಅಳೆಯುತ್ತದೆ: ಎರಡು ಏಳಕ್ಕೆ, ಅಂದರೆ 14ಕ್ಕೆ ಮುಟ್ಟು ಆರಂಭ, ಏಳು ಏಳಕ್ಕೆ, ಅಂದರೆ 49ಕ್ಕೆ ಆ ಶಕ್ತಿ ಬರಿದಾಗಿ ಮುಟ್ಟು ನಿಲ್ಲುತ್ತದೆ. ನಮ್ಮ ಸುಶ್ರುತಸಂಹಿತೆ ಇದೇ ಲೆಕ್ಕವನ್ನು ಹನ್ನೆರಡರಿಂದ ಐವತ್ತು ಎಂದು ಕೊಟ್ಟಿದೆ. ಎರಡೂ ಕಡೆಯ ಹಿರಿಯರು ತಮ್ಮ ಮನೆಯ ಹೆಂಗಸರನ್ನು ಕಣ್ಣಿಟ್ಟು ನೋಡಿಯೇ ಬರೆದಿದ್ದಾರೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಆದರೆ ನಿಮ್ಮ ಪೊಟ್ಟಣದಲ್ಲಿರುವ ಯೋಗ (ಮೂಲಿಕೆಗಳ ಮಿಶ್ರಣ) ಅಷ್ಟು ಹಳೆಯದಲ್ಲ. ಅರ್ ಶಿಯಾನ್ ತಾಂಗ್ ರೂಪುಗೊಂಡದ್ದು 1950ರ ದಶಕದಲ್ಲಿ, ಶಾಂಘಾಯ್ ನಗರದ ಶುಗುವಾಂಗ್ ಆಸ್ಪತ್ರೆಯಲ್ಲಿ. ಹೆಸರಿನ ಅರ್ಥ ‘ಇಬ್ಬರು ಅಮರರ ಕಷಾಯ’. ಅದರ ಎರಡು ಮುಖ್ಯ ಮೂಲಿಕೆಗಳ ಚೀನೀ ಹೆಸರಿನಲ್ಲಿ ‘ಶಿಯಾನ್’, ಅಂದರೆ ಅಮರ ಎಂಬ ಪದವಿದೆ. ಒಟ್ಟು ಆರು ಮೂಲಿಕೆಗಳಲ್ಲಿ ಮೂರು ದೇಹವನ್ನು ಬಿಸಿ ಮಾಡುವಂಥವು, ಎರಡು ಒಳಗಿನ ಉರಿಯನ್ನು ಇಳಿಸುವಂಥವು, ಆರನೆಯದಾದ ದಾಂಗ್ ಗುಯಿ ರಕ್ತಕ್ಕೆ ಪೋಷಣೆ ಕೊಡುವಂಥದು. ಉಷ್ಣವನ್ನೂ ತಂಪನ್ನೂ ಒಂದೇ ಮಡಕೆಗೆ ಹಾಕುವುದು ನಮಗೆ ವಿಚಿತ್ರವೆನಿಸಬಹುದು. ಆದರೆ ಮೇಲೆ ಮುಖ ಧಗಧಗಿಸುತ್ತಿರುವಾಗಲೇ ಅಂಗಾಲು ತಣ್ಣಗಿದೆ ಎಂದು ಹೇಳುವ ಹೆಂಗಸರನ್ನು ಕಂಡವರಿಗೆ ಈ ಯೋಗದ ಹಿಂದಿನ ಆಲೋಚನೆ ತಿಳಿಯುತ್ತದೆ. ಇನ್ನೊಂದು ಸಂಗತಿ ನಿಮಗೆ ಕುತೂಹಲ ಹುಟ್ಟಿಸಬಹುದು: ಇದನ್ನು ಮೊದಲು ಬಳಸಿದ್ದು ಋತುಬಂಧದ ವಯಸ್ಸಿನ ಹೆಂಗಸರ ರಕ್ತದೊತ್ತಡಕ್ಕೆ. ಹಾಗೆಂದು ನೀವು ಬಿಪಿ ಮಾತ್ರೆಯನ್ನು ಒಂದು ದಿನವೂ ನಿಲ್ಲಿಸಕೂಡದು.

ಕೆಲಸ ಮಾಡುತ್ತದೆಯೇ ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಹಾಂಗ್‌ಕಾಂಗ್‌ನಲ್ಲಿ 108 ಮಹಿಳೆಯರ ಮೇಲೆ ಹನ್ನೆರಡು ವಾರ ನಡೆಸಿ 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದೇ ಅರ್ ಶಿಯಾನ್ ಕಷಾಯ, ಔಷಧವಿಲ್ಲದ ಹುಸಿಮದ್ದಿಗಿಂತ ಝಳವನ್ನು ಹೆಚ್ಚು ಇಳಿಸಿತು. ಆದರೆ 2001ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗವೊಂದರಲ್ಲಿ 55 ಮಹಿಳೆಯರಿಗೆ ಬೇರೊಂದು ಚೀನೀ ಮಿಶ್ರಣವನ್ನು ಅಷ್ಟೇ ಕಾಲ ಪರೀಕ್ಷಿಸಿದಾಗ ಹುಸಿಮದ್ದಿಗೂ ಅದಕ್ಕೂ ವ್ಯತ್ಯಾಸ ಕಾಣಲಿಲ್ಲ. 2016ರಲ್ಲಿ ಕಾಕ್ರೇನ್ ಸಂಸ್ಥೆಯ ಪರಿಶೀಲಕರು 22 ಪ್ರಯೋಗಗಳನ್ನು, ಒಟ್ಟು 2,902 ಮಹಿಳೆಯರ ಮಾಹಿತಿಯನ್ನು ಒಟ್ಟಿಗೆ ತೂಗಿ, ಪರವಾಗಿಯೂ ವಿರುದ್ಧವಾಗಿಯೂ ಗಟ್ಟಿಯಾಗಿ ಹೇಳುವಷ್ಟು ಸಾಕ್ಷ್ಯವಿಲ್ಲ ಎಂದರು. ಚೀನೀ ವೈದ್ಯರ ಆಕ್ಷೇಪವನ್ನೂ ಹೇಳಬೇಕು: ನಾಡಿ ನಾಲಿಗೆ ನೋಡಿ ಒಬ್ಬೊಬ್ಬರಿಗೆ ಒಂದೊಂದು ಬಗೆಯಲ್ಲಿ ಕೂಡಿಸಬೇಕಾದ ಮದ್ದನ್ನು ಎಲ್ಲರಿಗೂ ಒಂದೇ ಅಳತೆಯಲ್ಲಿ ಕೊಟ್ಟು ಪರೀಕ್ಷಿಸುವುದು ನ್ಯಾಯವಲ್ಲ ಎನ್ನುತ್ತಾರೆ. ಈ ವಾದದಲ್ಲಿ ಹುರುಳಿದೆ. ಆದರೆ ಝಳದ ವಿಷಯದಲ್ಲಿ ಹುಸಿಮದ್ದಿನ ಪ್ರಭಾವ ಅಸಾಮಾನ್ಯವಾಗಿ ದೊಡ್ಡದು ಎಂಬುದನ್ನೂ ಮರೆಯಬಾರದು. ಹಾರ್ಮೋನ್ ಚಿಕಿತ್ಸೆಯ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಬರಿಯ ಹುಸಿಮಾತ್ರೆ ನುಂಗಿದವರಲ್ಲಿಯೇ ಝಳಗಳ ಸಂಖ್ಯೆ ಅರ್ಧಕ್ಕಿಂತ ಕಡಿಮೆಯಾಗಿತ್ತು. ಆದ್ದರಿಂದ ನಿಮ್ಮ ಗೆಳತಿಗೆ ಗುಣ ಕಂಡಿದ್ದರೆ ಆಕೆ ಸುಳ್ಳು ಹೇಳುತ್ತಿಲ್ಲ. ಗುಣ ಕೊಟ್ಟದ್ದು ಕಷಾಯವೋ, ಕಾಲವೋ, ನಂಬಿಕೆಯೋ ಎಂಬುದನ್ನು ಆಕೆಯ ಅನುಭವವೊಂದರಿಂದ ಹೇಳಲಾಗುವುದಿಲ್ಲ.

ನನ್ನ ನಿಜವಾದ ಕಾಳಜಿ ಇರುವುದು ಪೊಟ್ಟಣದೊಳಗೆ ಏನಿದೆ ಎಂಬುದರ ಬಗ್ಗೆ. ಚೀನೀ ವೈದ್ಯರು ಮೂಲ ಯೋಗಕ್ಕೆ ತಮ್ಮ ಲೆಕ್ಕಾಚಾರದಂತೆ ಬೇರೆ ಮೂಲಿಕೆಗಳನ್ನು ಸೇರಿಸುವುದು ವಾಡಿಕೆ. ಅವುಗಳಲ್ಲಿ ಜ್ಯೇಷ್ಠಮಧು (ಚೀನೀ ಹೆಸರು ಗಾನ್ ಚಾವ್) ಇದೆಯೇ ಎಂದು ತಪ್ಪದೆ ಕೇಳಿ. ಅದನ್ನು ದಿನವೂ ಸೇವಿಸಿದರೆ ದೇಹದಲ್ಲಿ ಉಪ್ಪುನೀರು ನಿಂತು ರಕ್ತದೊತ್ತಡ ಏರಬಹುದು, ಪೊಟ್ಯಾಸಿಯಂ ಇಳಿಯಬಹುದು. ಬಿಪಿ ಇರುವ ನಿಮಗೆ ಅದು ಬೇಡ. ಹಾಗೆಯೇ ಹೆ ಶೌ ವು ಇದೆಯೇ ಎಂದೂ ಕೇಳಿ. ‘ಹೆ ಮಹಾಶಯನ ಕಪ್ಪು ಕೂದಲು’ ಎಂಬ ಅರ್ಥದ ಈ ಗೆಡ್ಡೆ ನರೆಗೂದಲಿಗೂ ಹೆಸರಾದದ್ದು. ಋತುಬಂಧಕ್ಕೆಂದು ಮಾರುವ ಕೆಲವು ಸಿದ್ಧ ಗುಳಿಗೆಗಳಲ್ಲಿಯೂ ಇರುತ್ತದೆ, ಯಕೃತ್ತಿಗೆ ಹಾನಿ ಮಾಡಿದ ಪ್ರಕರಣಗಳು ಹಲವು ದೇಶಗಳಿಂದ ವರದಿಯಾಗಿವೆ. ಒಂದು ಮೂಲಿಕೆಯ ಜಾಗಕ್ಕೆ ಇನ್ನೊಂದು ಬಂದರೆ ಏನಾಗುತ್ತದೆ ಎಂಬುದಕ್ಕೆ ಬೆಲ್ಜಿಯಂನ ಕಥೆಯೇ ಸಾಕು. 1990ರ ದಶಕದ ಆರಂಭದಲ್ಲಿ ಬ್ರಸೆಲ್ಸ್‌ನಲ್ಲಿ ತೂಕ ಇಳಿಸುವ ಮಾತ್ರೆಗಳಿಗೆ ಫಾಂಗ್ ಜಿ ಎಂಬ ಬೇರಿನ ಬದಲು ಹೆಸರಿನಲ್ಲಿ ಹೋಲುವ ಗುವಾಂಗ್ ಫಾಂಗ್ ಜಿ ಸೇರಿಕೊಂಡಿತು; ಅದರಲ್ಲಿದ್ದ ಅರಿಸ್ಟೊಲೋಕಿಕ್ ಆಮ್ಲದಿಂದ ನೂರಕ್ಕೂ ಹೆಚ್ಚು ಜನರ, ಬಹುಮಟ್ಟಿಗೆ ಹೆಂಗಸರ, ಕಿಡ್ನಿ ಹಾಳಾಯಿತು, ಅನೇಕರಿಗೆ ಮುಂದೆ ಮೂತ್ರನಾಳದ ಕ್ಯಾನ್ಸರ್ ಬಂತು. ಸಿಂಗಪುರದಲ್ಲಿ ಚೀನೀ ವೈದ್ಯರು ಕಾನೂನಿನಂತೆ ನೋಂದಣಿ ಮಾಡಿಸಿಕೊಂಡಿರಬೇಕು, ಆದ್ದರಿಂದ ಅಲ್ಲಿ ಇಂತಹ ಎಡವಟ್ಟಿನ ಸಾಧ್ಯತೆ ಕಡಿಮೆ. ಆದರೂ ಪ್ರತಿ ಮೂಲಿಕೆಯ ಸಸ್ಯಶಾಸ್ತ್ರೀಯ ಹೆಸರನ್ನು ಬರೆಸಿಕೊಳ್ಳಲು ಸಂಕೋಚಪಡಬೇಡಿ. ಅದನ್ನು ನಿಮ್ಮ ಬಿಪಿ ವೈದ್ಯರಿಗೂ ತೋರಿಸಿ.

ಇಷ್ಟೆಲ್ಲ ನೋಡಿಕೊಂಡು ಕುಡಿಯುವುದಾದರೆ ನನ್ನ ಅಡ್ಡಿಯಿಲ್ಲ. ಶುರುಮಾಡುವ ಎರಡು ವಾರ ಮೊದಲಿನಿಂದಲೇ ಕ್ಯಾಲೆಂಡರಿನಲ್ಲಿ ದಿನಕ್ಕೆ ಎಷ್ಟು ಝಳ ಎಂದು ಗೆರೆ ಎಳೆಯುತ್ತ ಬನ್ನಿ, ಯಕೃತ್ತಿನ ಪರೀಕ್ಷೆಯನ್ನೂ ಮಾಡಿಸಿ. ಹನ್ನೆರಡು ವಾರವಾದರೂ ಗೆರೆಗಳು ಕಡಿಮೆಯಾಗದಿದ್ದರೆ ನಿಲ್ಲಿಸಿ. ಕಣ್ಣು ಹಳದಿಯಾದರೆ, ಮೂತ್ರ ಗಾಢವಾದರೆ ಆ ದಿನವೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಮುಟ್ಟು ನಿಂತು ಒಂದೂವರೆ ವರ್ಷವಾದ ನಿಮಗೆ ಒಂದು ಹನಿ ರಕ್ತ ಕಂಡರೂ, ಮದ್ದಿನ ಪ್ರಭಾವದಿಂದ ಯೌವನ ಮರಳಿತು ಎಂಬ ಮಾತಿಗೆ ಕಿವಿಗೊಡದೆ ಗರ್ಭಕೋಶದ ಸ್ಕ್ಯಾನ್ ಮಾಡಿಸಬೇಕು.

ಹಾರ್ಮೋನಿನ ಭಯದ ಬಗ್ಗೆಯೂ ಒಂದು ಮಾತು. ಆ ಭಯ ಹಬ್ಬಿದ್ದು 2002ರಲ್ಲಿ, ಅಮೆರಿಕದಲ್ಲಿ 16,608 ಮಹಿಳೆಯರ ಮೇಲೆ ನಡೆಯುತ್ತಿದ್ದ ದೊಡ್ಡ ಪ್ರಯೋಗವನ್ನು ಸ್ತನ ಕ್ಯಾನ್ಸರ್ ಮತ್ತಿತರ ಅಪಾಯಗಳ ಕಾರಣಕ್ಕೆ ನಡುವೆಯೇ ನಿಲ್ಲಿಸಿದಾಗ. ಆದರೆ ಅವರ ಸರಾಸರಿ ವಯಸ್ಸು 63 ಆಗಿತ್ತು. ಅರವತ್ತರೊಳಗಿನ, ಮುಟ್ಟು ನಿಂತು ಹತ್ತು ವರ್ಷ ದಾಟದ, ಬೇರೆ ಅಡ್ಡಿಗಳಿಲ್ಲದ ಹೆಂಗಸರಿಗೆ ತೊಂದರೆಗಿಂತ ಪ್ರಯೋಜನವೇ ಹೆಚ್ಚು ಎಂಬುದು ನಂತರದ ವಿಶ್ಲೇಷಣೆಗಳಿಂದ ತಿಳಿದ ವಿಷಯ. ನಿದ್ರೆ ಕೆಡಿಸುವಷ್ಟು ಝಳಕ್ಕೆ ಅದರಷ್ಟು ಪರಿಣಾಮಕಾರಿಯಾದ ಮದ್ದು ಇನ್ನೊಂದಿಲ್ಲ. ನಾನು ನಿಮ್ಮ ವೈದ್ಯೆಯಾಗಿದ್ದರೆ, ಬಿಪಿ ಹತೋಟಿಯಲ್ಲಿದ್ದರೆ, ಚರ್ಮಕ್ಕೆ ಅಂಟಿಸುವ ಪಟ್ಟಿಯ ರೂಪದ ಈಸ್ಟ್ರೊಜೆನ್ ಬಗ್ಗೆ, ಅದರ ಜೊತೆಗೆ ಗರ್ಭಕೋಶದ ರಕ್ಷಣೆಗೆ ಬೇಕಾದ ಪ್ರೊಜೆಸ್ಟೆರಾನ್ ಬಗ್ಗೆ ಮೊದಲು ಮಾತನಾಡುತ್ತಿದ್ದೆ, ಪೊಟ್ಟಣದ ಮಾತು ಆಮೇಲೆ.

ಪ್ರಶ್ನೆ: ಮೆಲ್ಬರ್ನ್‌ನಲ್ಲಿರುವ ಮಗಳು ನನ್ನ ಮೈಬಿಸಿಗೆಂದು ‘ಡಾಂಗ್ ಕ್ವಾಯ್’ ಕ್ಯಾಪ್ಸೂಲ್ ತಂದಿದ್ದಾಳೆ. ಹೃದಯದ ಕವಾಟ ಬದಲಾಯಿಸಿರುವುದರಿಂದ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಗಿಡಮೂಲಿಕೆಯಲ್ಲವೇ, ಏನೂ ಆಗದು ಎನ್ನುತ್ತಾಳೆ.
– ಒಬ್ಬ ಓದುಗಿ, ದಾವಣಗೆರೆ

ಉತ್ತರ: ದಯವಿಟ್ಟು ಆ ಡಬ್ಬಿಯನ್ನು ತೆರೆಯಬೇಡಿ. ಡಾಂಗ್ ಕ್ವಾಯ್ ಎಂದರೆ ಮೇಲೆ ಹೇಳಿದ ದಾಂಗ್ ಗುಯಿಯೇ. ಅದು ವಾರ್ಫರಿನ್‌ನ ಪ್ರಭಾವವನ್ನು ಹೆಚ್ಚಿಸಿ ಐಎನ್‌ಆರ್ (ರಕ್ತ ಎಷ್ಟು ತೆಳುವಾಗಿದೆ ಎಂದು ತೋರಿಸುವ ಅಂಕಿ) ಏರಿಸಬಹುದು. ಕೃತಕ ಕವಾಟ ಇರುವವರಿಗೆ ರಕ್ತ ತೀರ ತೆಳುವಾಗುವುದೂ ಅಪಾಯ, ಅದಕ್ಕೆ ಹೆದರಿ ವಾರ್ಫರಿನ್ ಬಿಡುವುದು ಇನ್ನೂ ದೊಡ್ಡ ಅಪಾಯ. ಈಗಾಗಲೇ ನುಂಗಿದ್ದರೆ ನಾಳೆಯೇ ಐಎನ್‌ಆರ್ ನೋಡಿಸಿ. ಇನ್ನು, ಬಿಟ್ಟುದರಿಂದ ನಿಮಗೆ ನಷ್ಟವೂ ಇಲ್ಲ: ಅಮೆರಿಕದಲ್ಲಿ 1997ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 71 ಮಹಿಳೆಯರಿಗೆ 24 ವಾರ ಈ ಬೇರನ್ನಷ್ಟೇ ಕೊಟ್ಟು ನೋಡಿದಾಗ ಅದು ಹುಸಿಮದ್ದಿಗಿಂತ ಮೇಲೆನಿಸಲಿಲ್ಲ. ಚೀನಾದಲ್ಲಿ ಇದನ್ನು ಬೇರೆ ಮೂಲಿಕೆಗಳ ಜೊತೆಗೆ ಕೊಡುತ್ತಾರೆಯೇ ಹೊರತು ಝಳಕ್ಕೆ ಇದೊಂದನ್ನೇ ಕೊಡುವ ಪದ್ಧತಿ ಇಲ್ಲ. ಕ್ಯಾಪ್ಸೂಲಿಗೆ ಒಂಟಿಯಾಗಿ ತುಂಬಿಸಿದ್ದು ಪಶ್ಚಿಮದ ವ್ಯಾಪಾರ. ಪ್ರಯೋಗಾಲಯದಲ್ಲಿ ಸ್ತನ ಕ್ಯಾನ್ಸರಿನ ಜೀವಕೋಶಗಳು ಇದರ ಸಾರಕ್ಕೆ ಬೆಳೆದದ್ದೂ ಕಂಡಿರುವುದರಿಂದ, ಆ ಕಾಯಿಲೆಗೆ ಚಿಕಿತ್ಸೆ ಪಡೆದವರು ಕೂಡ ಇದರಿಂದ ದೂರವಿರಬೇಕು.

ಪ್ರಶ್ನೆ: ಅರ್ ಶಿಯಾನ್ ಕಷಾಯದಲ್ಲಿರುವ ಒಂದು ಗೆಡ್ಡೆ ನಮ್ಮ ನೆಲತಾಳೆಯೇ ಎಂದು ಕೇಳಿದ್ದೇನೆ. ನಮ್ಮ ಬೆಟ್ಟದಲ್ಲಿ ಬೇಕಾದಷ್ಟಿದೆ. ಅಗೆದು ಕಷಾಯ ಮಾಡಿಕೊಳ್ಳಲೇ?
– ಗೃಹಿಣಿ, ಶಿರಸಿ

ಉತ್ತರ: ನೀವು ಕೇಳಿದ್ದು ನಿಜ. ಚೀನೀಯರ ಶಿಯಾನ್ ಮಾವ್ ಮತ್ತು ಹಳದಿ ಹೂವಿನ ನಮ್ಮ ನೆಲತಾಳೆ ಒಂದೇ ಸಸ್ಯ. ಆಯುರ್ವೇದದಲ್ಲಿ ಅದಕ್ಕೆ ತಾಲಮೂಲಿ, ಕರಿಮುಸಲಿ ಎಂಬ ಹೆಸರುಗಳಿವೆ. ಆದರೆ ಆರರಲ್ಲಿ ಒಂದನ್ನು ಮಾತ್ರ ಕುದಿಸಿದರೆ ಅದು ಆ ಕಷಾಯವಾಗುವುದಿಲ್ಲ. ಅದು ಉಷ್ಣದ ಪಾಲಿಗೆ ಸೇರಿದ್ದು, ತಣಿಸುವ ಜೊತೆಗಾರರಿಲ್ಲದೆ ಝಳಕ್ಕೆ ಅದನ್ನು ಯಾವ ಚೀನೀ ವೈದ್ಯರೂ ಕೊಡಲಾರರು. ಚೀನಾದ ಅಧಿಕೃತ ಔಷಧಕೋಶವೇ ಅದನ್ನು ವಿಷಗುಣವುಳ್ಳ ಮೂಲಿಕೆ ಎಂದು ಗುರುತಿಸಿದೆ. ಗೆಡ್ಡೆ ಬೆಟ್ಟದಲ್ಲೇ ಇರಲಿ. ನಿಮ್ಮ ತೊಂದರೆ ಏನು, ಮುಟ್ಟು ನಿಂತು ಎಷ್ಟು ದಿನವಾಯಿತು ಎಂಬುದನ್ನು ನೀವು ಬರೆದಿಲ್ಲ. ಅದನ್ನು ತಿಳಿಸಿ ಇನ್ನೊಮ್ಮೆ ಬರೆಯಿರಿ.